ತಂದೂರ್ ರೊಟ್ಟಿ ಜಾರುತ್ತಿದೆಯೇ? ಮೊದಲು ಗೋಡೆ ನೋಡಿ

ಮಣ್ಣಿನ ತಂದೂರ್ ಒಲೆಯಲ್ಲಿ ರೊಟ್ಟಿ, ನಾನ್ ಸುಡುವ ಬಗ್ಗೆ ಓದುಗರು ಕೇಳಿರುವ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಹಿಟ್ಟಿನ ಮೇಲೆಯೇ ದೂರು ಹೇಳುತ್ತವೆ. ನಮ್ಮ ಅನುಭವದ ಪ್ರಕಾರ ತೊಂದರೆ ಹಿಟ್ಟಿಗಿಂತ ಒಲೆಯ ಗೋಡೆಯಲ್ಲಿರುವುದೇ ಹೆಚ್ಚು. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಪ್ರಶ್ನೆ: ರೊಟ್ಟಿಯನ್ನು ಗೋಡೆಗೆ ಬಡಿದ ಅರ್ಧ ನಿಮಿಷದೊಳಗೆ ಕಳಚಿ ಕೆಂಡಕ್ಕೆ ಬೀಳುತ್ತದೆ. ಹಿಟ್ಟನ್ನು ಗಟ್ಟಿಯಾಗಿಯೂ ಕಲಸಿ ನೋಡಿದೆವು, ಮೆತ್ತಗೂ ಕಲಸಿ ನೋಡಿದೆವು. ಆದರೂ ನಾಲ್ಕರಲ್ಲಿ ಒಂದು ಬಿದ್ದೇ ಬೀಳುತ್ತದೆ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ರೊಟ್ಟಿ ಗೋಡೆಗೆ ಹೇಗೆ ಅಂಟುತ್ತದೆ ಎಂಬುದು ಗೊತ್ತಾದರೆ ಯಾಕೆ ಬೀಳುತ್ತದೆ ಎಂಬುದೂ ತಾನಾಗಿ ಗೊತ್ತಾಗುತ್ತದೆ. ರೊಟ್ಟಿಯ ಬೆನ್ನಿಗೆ ನೀರು ಸವರಿ ಗೋಡೆಗೆ ಒತ್ತಿದಾಗ, ಆ ತೇವದ ಪದರದಲ್ಲಿರುವ ಗೋಧಿಯ ಪಿಷ್ಟ 60–65 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ನೀರು ಹೀರಿ ಉಬ್ಬಿ ಅಂಟಾಗುತ್ತದೆ. ಬಿಸಿ ಗೋಡೆಯ ಮೇಲೆ ಇದಕ್ಕೆ ಒಂದೆರಡು ಸೆಕೆಂಡು ಸಾಕು. ಆಮೇಲೆ ಆ ಪದರ ಒಣಗಿ ಗರಿಗರಿಯಾದಂತೆ ಹಿಡಿತ ತಾನಾಗಿ ಸಡಿಲವಾಗುತ್ತದೆ. ಚೆನ್ನಾಗಿ ಬೆಂದ ರೊಟ್ಟಿ ಸರಳು ತಾಗಿಸಿದೊಡನೆ ಸಲೀಸಾಗಿ ಬರುವುದು ಇದರಿಂದಲೇ. ಅಂಟು ಹಿಡಿಯುವ ಮೊದಲು ಅಡ್ಡಿಯಾದರೂ, ರೊಟ್ಟಿ ಬೇಯುವ ಮೊದಲೇ ಅಂಟು ಬಿಟ್ಟರೂ ರೊಟ್ಟಿ ಕೆಂಡದ ಪಾಲು.

ಅಡ್ಡಿಗಳಲ್ಲಿ ಮೊದಲನೆಯದು ಗೋಡೆ ಸಾಲದಷ್ಟು ಕಾಯದಿರುವುದು. ಒಲೆಯೊಳಗೆ ಉರಿ ಜೋರಾಗಿದ್ದ ಮಾತ್ರಕ್ಕೆ ಗೋಡೆ ಕಾದಿದೆ ಎಂದಲ್ಲ. ಮೂರು ನಾಲ್ಕು ಸೆಂಟಿಮೀಟರ್ ದಪ್ಪದ ಮಣ್ಣಿನೊಳಗೆ ಶಾಖ ಇಳಿಯಲು ಒಂದು ಗಂಟೆಯಾದರೂ ಬೇಕು. ಅರ್ಧ ಗಂಟೆಗೇ ರೊಟ್ಟಿ ಹಾಕಿದರೆ ಮೊದಲ ಎರಡು ನಿಲ್ಲುತ್ತವೆ. ಅವು ಗೋಡೆಯ ಮೇಲ್ಪದರದ ಬಿಸಿಯನ್ನು ಕುಡಿದುಬಿಡುತ್ತವೆ. ಅದೇ ಜಾಗಕ್ಕೆ ಹಾಕಿದ ಮೂರನೆಯದು ಜಾರುತ್ತದೆ. ನಿಮ್ಮ 'ನಾಲ್ಕರಲ್ಲಿ ಒಂದು' ಲೆಕ್ಕ ನೋಡಿದರೆ ನಮಗೆ ಮೊದಲು ಬರುವ ಅನುಮಾನ ಇದೇ.

ಎರಡನೆಯದು ಗೋಡೆಯ ಮೇಲಿನ ಮಸಿ ಮತ್ತು ಹಿಂದಿನ ರೊಟ್ಟಿಗಳಿಂದ ಉಳಿದ ಸುಟ್ಟ ಹಿಟ್ಟು. ರೊಟ್ಟಿ ಆ ಪುಡಿಗೆ ಅಂಟುತ್ತದೆ, ಪುಡಿ ಗೋಡೆಯನ್ನು ಬಿಡುತ್ತದೆ. ಉದ್ದನೆಯ ಕೋಲಿಗೆ ಹತ್ತಿ ಬಟ್ಟೆ ಸುತ್ತಿ, ಉಪ್ಪುನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ ಗೋಡೆ ಒರೆಸಿ. ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಉಪ್ಪು ಸಾಕು. ಬಟ್ಟೆಯಿಂದ ನೀರು ತೊಟ್ಟಿಕ್ಕಬಾರದು, ಕಾದ ಮಣ್ಣಿಗೆ ತಣ್ಣೀರು ಸುರಿದರೆ ಗೋಡೆ ಬಿರಿಯುತ್ತದೆ. ಒರೆಸಿದ ಮೇಲೆ ಎರಡು ಮೂರು ನಿಮಿಷ ಮುಚ್ಚಳ ಮುಚ್ಚಿಟ್ಟು ಗೋಡೆ ಮತ್ತೆ ಕಾಯಲು ಬಿಡಿ.

ಮೂರನೆಯದು ರೊಟ್ಟಿಯ ಬೆನ್ನಿಗೆ ಮೆತ್ತಿಕೊಂಡ ಒಣಹಿಟ್ಟು. ಲಟ್ಟಿಸುವಾಗ ಧಾರಾಳವಾಗಿ ಉದುರಿಸಿದ ಹಿಟ್ಟನ್ನು ಕೊಡವದೆ ಮೇಲೆ ನೀರು ಸವರಿದರೆ ಅದು ಅಂಟಾಗುವುದಿಲ್ಲ, ಗಂಟಾಗುತ್ತದೆ. ರೊಟ್ಟಿಯನ್ನು ಎರಡೂ ಅಂಗೈಗಳ ನಡುವೆ ತಟ್ಟಿ ಹಿಟ್ಟು ಉದುರಿಸಿ, ನಂತರ ಒದ್ದೆ ಕೈಯಿಂದ ಒಂದೇ ಸಲ ಅಂಚಿನವರೆಗೂ ಸವರಿ. ಅಂಚು ಒಣಗಿದ್ದರೆ ಅಲ್ಲಿಂದಲೇ ಏಳಲು ಶುರುವಾಗುತ್ತದೆ. ಎಣ್ಣೆ ಅಥವಾ ತುಪ್ಪದ ಕೈಯಲ್ಲಿ ಬೆನ್ನಿನ ಭಾಗ ಮುಟ್ಟಲೇಬೇಡಿ.

ನಾಲ್ಕನೆಯದನ್ನು ಹೆಚ್ಚಿನವರು ಊಹಿಸುವುದಿಲ್ಲ. ಗೋಡೆ ಮಿತಿಮೀರಿ ಕಾದಿದ್ದರೂ ರೊಟ್ಟಿ ಬೀಳುತ್ತದೆ. ಸವರಿದ ನೀರು ಪಿಷ್ಟವನ್ನು ಅಂಟಾಗಿಸುವ ಮೊದಲೇ ಭುಗ್ಗನೆ ಆವಿಯಾಗಿ ರೊಟ್ಟಿಯನ್ನು ಹೊರಕ್ಕೆ ತಳ್ಳುತ್ತದೆ. ಬಿದ್ದ ರೊಟ್ಟಿಯ ಬೆನ್ನು ನೋಡಿ. ಅದು ಬಿಳಿಯಾಗಿ ಅಂಟಂಟಾಗಿದ್ದರೆ ಗೋಡೆ ತಣ್ಣಗಿತ್ತು. ಕಪ್ಪು ಚುಕ್ಕೆಗಳಿದ್ದು ಮುಖದ ಕಡೆ ಇನ್ನೂ ಹಸಿಯಾಗಿದ್ದರೆ ಗೋಡೆ ಅತಿಯಾಗಿ ಕಾದಿತ್ತು. ಬೆನ್ನಿಗೆ ಬೂದು ಬಣ್ಣದ ಪುಡಿ ಹತ್ತಿದ್ದರೆ ಗೋಡೆ ಕೊಳೆಯಾಗಿತ್ತು. ಹೀಗೆ ಬಿದ್ದ ರೊಟ್ಟಿಯಲ್ಲೇ ಕಾರಣ ಸಿಗುತ್ತದೆ, ಹಿಟ್ಟಿನ ಹದ ಬದಲಿಸುತ್ತಾ ಕೂರುವ ಅಗತ್ಯವಿಲ್ಲ.

ಇವೆಲ್ಲ ಸರಿಯಿದ್ದೂ ಬಿದ್ದರೆ ಮಾತ್ರ ತೂಕ ಮತ್ತು ಒತ್ತುವ ರೀತಿ ನೋಡಿ. ಗೋಧಿ ರೊಟ್ಟಿಗೆ 75–80 ಗ್ರಾಂ ಉಂಡೆ ಸಾಕು. ಗದ್ದಿಯಿಂದ, ಅಂದರೆ ರೊಟ್ಟಿಯನ್ನು ಗೋಡೆಗೆ ಅಂಟಿಸುವ ದಿಂಬಿನಿಂದ, ಒತ್ತುವಾಗ ಬಡಿದು ತಕ್ಷಣ ಕೈ ತೆಗೆಯಬೇಡಿ. ಒತ್ತಿ, ಒಂದೆರಡು ಸೆಕೆಂಡು ತಡೆದು, ಗದ್ದಿಯನ್ನು ಕೆಳಗಿನಿಂದ ಮೇಲಕ್ಕೆ ಮಗುಚಿದಂತೆ ಬಿಡಿಸಿ. ಹಾಗೆ ಮಾಡಿದರೆ ಮೇಲಂಚಿಗೆ ಕೊನೆಯ ಒತ್ತು ಬೀಳುತ್ತದೆ. ರೊಟ್ಟಿಯ ಭಾರ ಹೊರುವುದು ಮೇಲಂಚೇ.

ಪ್ರಶ್ನೆ: ಥರ್ಮಾಮೀಟರ್ ಇಲ್ಲದೆ ಒಲೆ ಹದಕ್ಕೆ ಬಂದಿದೆ ಎಂದು ತಿಳಿಯುವುದು ಹೇಗೆ?

ಉತ್ತರ: ಗೋಡೆಯ ಬಣ್ಣವೇ ಹೇಳುತ್ತದೆ. ಬೆಂಕಿ ಹಾಕಿದ ಮೊದಲ ಅರ್ಧ ಗಂಟೆಯಲ್ಲಿ ಒಳಗೋಡೆ ಮಸಿ ಹಿಡಿದು ಪೂರ್ತಿ ಕಪ್ಪಾಗುತ್ತದೆ. ಕಾವು ಏರಿದಂತೆ ಆ ಮಸಿಯೇ ಉರಿದುಹೋಗಿ, ಕೆಂಡದ ಹತ್ತಿರದಿಂದ ಶುರುವಾಗಿ ಮೇಲಕ್ಕೆ ಮಣ್ಣಿನ ತಿಳಿ ಬಣ್ಣ ಮರಳುತ್ತಾ ಬರುತ್ತದೆ. ಆ ಬಿಳುಪು ಬಾಯಿಯ ಹತ್ತಿರದವರೆಗೆ ಏರಿದಾಗ ಗೋಡೆ ರೊಟ್ಟಿಗೆ ಬೇಕಾದ್ದಕ್ಕಿಂತ ಹೆಚ್ಚೇ ಕಾದಿರುತ್ತದೆ. ಆಗ ಉರಿ ಇರಬಾರದು, ಕೆಂಡ ಮಾತ್ರ ಇರಬೇಕು. ಗಾಳಿಕಿಂಡಿಯನ್ನು ಮುಕ್ಕಾಲು ಭಾಗ ಮುಚ್ಚಿ, ಮೇಲೆ ಮುಚ್ಚಳ ಹಾಕಿ, ಹತ್ತು ಹದಿನೈದು ನಿಮಿಷ ಬಿಡಿ. ಮೇಲಿನ ಗೋಡೆಗೂ ಕೆಳಗಿನ ಗೋಡೆಗೂ ಇರುವ ಕಾವಿನ ಅಂತರ ಈ ಹೊತ್ತಿನಲ್ಲಿ ಕಡಿಮೆಯಾಗುತ್ತದೆ. ಈ ಹತ್ತು ನಿಮಿಷ ಕಾಯಲು ಮನಸ್ಸಿಲ್ಲದೆ ಕೆಡಿಸಿಕೊಂಡ ರೊಟ್ಟಿಗಳೇ ಹೆಚ್ಚು.

ಆಮೇಲೆ ಗೋಡೆಗೆ ನಾಲ್ಕು ಹನಿ ನೀರು ಚಿಮುಕಿಸಿ. ನೀರು ಕೆಳಕ್ಕೆ ಹರಿದು ಒದ್ದೆ ಗೆರೆ ಉಳಿದರೆ ಇನ್ನೂ ಕಾಯಬೇಕು. ಬಿದ್ದಲ್ಲೇ ಚುಂಯ್ ಎಂದು ಮಾಯವಾದರೆ ಹಾಕಬಹುದು. ಹೆಬ್ಬೆರಳು ಗಾತ್ರದ ಹಿಟ್ಟನ್ನು ತಟ್ಟಿ ಅಂಟಿಸಿ ನೋಡುವುದು ಇನ್ನೂ ಖಚಿತ. ಒಂದರಿಂದ ಒಂದೂವರೆ ನಿಮಿಷದಲ್ಲಿ ಅದರ ಬೆನ್ನು ಕಂದು ಬಣ್ಣಕ್ಕೆ ಬಂದು, ಮುಖದಲ್ಲಿ ಅಲ್ಲಲ್ಲಿ ಕಲೆ ಬಿದ್ದರೆ ಹದ ಸರಿಯಿದೆ. ಅರ್ಧ ನಿಮಿಷಕ್ಕೇ ಬೆನ್ನು ಕಪ್ಪಾದರೆ ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಆರಲು ಬಿಡಿ.

ದೂರದಿಂದ ಹಿಡಿದು ನೋಡುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಅದನ್ನು ಕೆಂಡದತ್ತ ಹಿಡಿಯಬೇಡಿ, ರೊಟ್ಟಿ ಅಂಟಿಸುವ ಎತ್ತರದ ಗೋಡೆಗೆ ಹಿಡಿಯಿರಿ. ಗೋಧಿ ರೊಟ್ಟಿಗೆ 250–300 ಡಿಗ್ರಿ, ನಾನ್‌ಗೆ ಅದಕ್ಕಿಂತ ತುಸು ಹೆಚ್ಚು ಇದ್ದರೆ ಒಳ್ಳೆಯದು.

ಪ್ರಶ್ನೆ: ಹೊಸ ಮಣ್ಣಿನ ತಂದೂರ್ ತಂದಿದ್ದೇವೆ. ನೇರವಾಗಿ ಬೆಂಕಿ ಹಾಕಬಾರದಂತೆ. ಪಳಗಿಸುವ ಕ್ರಮ ತಿಳಿಸಿಕೊಡಿ.

ಉತ್ತರ: ನೇರವಾಗಿ ಬೆಂಕಿ ಹಾಕಬಾರದು ಎಂಬುದು ನಿಜ. ಒಣಗಿದಂತೆ ಕಂಡರೂ ಮಣ್ಣಿನ ರಂಧ್ರಗಳಲ್ಲಿ ನೀರು ಕೂತಿರುತ್ತದೆ. ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಹೊರಹೋಗಲು ಸಮಯ ಕೊಡದಿದ್ದರೆ ಆ ಆವಿ ಗೋಡೆಯನ್ನೇ ಸೀಳಿಕೊಂಡು ಹೊರಬರುತ್ತದೆ.

ಮೊದಲು ಒಂದು ವಾರ ನೆರಳಿನಲ್ಲಿ, ಗಾಳಿಯಾಡುವ ಕಡೆ, ಬಾಯಿ ತೆರೆದಿಡಿ. ಬಿಸಿಲಿಗಿಟ್ಟರೆ ಒಂದು ಮಗ್ಗುಲು ಬೇಗ ಒಣಗಿ ಕುಗ್ಗುತ್ತದೆ, ಬಿರುಕು ಅಲ್ಲೇ ಶುರುವಾಗುತ್ತದೆ. ಹಸಿ ಮಣ್ಣಿನ ಒಲೆಗೆ ಒಳಗಿನಿಂದ ಲೇಪ ಬಳಿಯುವ ರೂಢಿಯಿದೆ. ಪಾಲಕ್ ಸೊಪ್ಪು, ಬೆಲ್ಲ, ಉಪ್ಪು, ಸ್ವಲ್ಪ ಮೊಸರು ಸೇರಿಸಿ ನುಣ್ಣಗೆ ರುಬ್ಬಿ, ಸಾಸಿವೆ ಎಣ್ಣೆ ಬೆರೆಸಿ ತೆಳ್ಳಗೆ ಸವರುತ್ತಾರೆ. ಕಾವಿಗೆ ಬೆಲ್ಲವೂ ಎಣ್ಣೆಯೂ ಕರಕಾಗಿ ಮಣ್ಣಿನ ರಂಧ್ರಗಳಲ್ಲಿ ಕೂರುತ್ತವೆ, ಹೀಗಾಗಿ ರೊಟ್ಟಿಯ ಬೆನ್ನಿಗೆ ಮಣ್ಣಿನ ಪುಡಿ ಹತ್ತುವುದಿಲ್ಲ. ಪದಾರ್ಥಗಳ ಅಳತೆ ಆಚೀಚೆ ಆದರೆ ಏನೂ ಕೆಡುವುದಿಲ್ಲ, ಲೇಪ ದಪ್ಪವಾದರೆ ಕೆಡುತ್ತದೆ. ದಪ್ಪ ಲೇಪ ಹಪ್ಪಳೆ ಹಪ್ಪಳೆಯಾಗಿ ಏಳುತ್ತದೆ, ಅದರ ಜೊತೆ ರೊಟ್ಟಿಯೂ ಬೀಳುತ್ತದೆ.

ಲೇಪ ಒಣಗಿದ ಮೇಲೆ ಮೊದಲ ದಿನ ನಾಲ್ಕೈದು ತುಂಡು ಇದ್ದಿಲಿನ ಕೆಂಡ ಮಾತ್ರ ಹಾಕಿ, ಬಾಯಿ ತೆರೆದಿಟ್ಟು, ಎರಡು ಮೂರು ಗಂಟೆ ಬಿಡಿ. ಹೊರಮೈ ಮುಟ್ಟಿದರೆ ಬೆಚ್ಚಗಿರಬೇಕು, ಅಷ್ಟೇ. ಪೂರ್ತಿ ಆರಿದ ಮೇಲೆ ಎರಡನೆಯ ದಿನ ಅದರ ಎರಡರಷ್ಟು ಹಾಕಿ. ಮೂರನೆಯ ದಿನ ಒಂದು ಕಿಲೋದಷ್ಟು ಇದ್ದಿಲು ಹಾಕಿ ಮೂರು ಗಂಟೆ ಉರಿಸಬಹುದು. ಪ್ರತಿ ಸಲವೂ ಬಾಯಿಯ ಮೇಲೆ ಒಣ ಲೋಹದ ತಟ್ಟೆಯೊಂದನ್ನು ಕ್ಷಣ ಹೊತ್ತು ಹಿಡಿದು ನೋಡಿ. ತಟ್ಟೆಯ ಮೇಲೆ ನೀರಿನ ಹನಿ ಕೂತರೆ ಮಣ್ಣಿನಿಂದ ಇನ್ನೂ ನೀರು ಬರುತ್ತಿದೆ ಎಂದರ್ಥ. ಹನಿ ನಿಲ್ಲುವವರೆಗೂ ಪೂರ್ಣ ಕಾವಿಗೆ ಹೋಗಬೇಡಿ. ಪೂರ್ಣ ಕಾವಿನ ಮೊದಲ ದಿನ ಹಾಕುವ ನಾಲ್ಕೈದು ರೊಟ್ಟಿ ತಿನ್ನಲಲ್ಲ, ಗೋಡೆ ಒರೆಸಲು.

ಪ್ರಶ್ನೆ: ಹೋಟೆಲಿನ ತಂದೂರಿ ರೊಟ್ಟಿ ಮೆತ್ತಗಿರುತ್ತದೆ. ನಾವು ಮಾಡಿದ್ದು ಹತ್ತು ನಿಮಿಷಕ್ಕೆ ಚರ್ಮದ ಹಾಗೆ ಆಗುತ್ತದೆ. ಹಿಟ್ಟಿನ ಸರಿಯಾದ ಅಳತೆ ಹೇಳಿ. ಸೋಡಾ ಹಾಕಬೇಕೆ?

ಉತ್ತರ: ಗೋಧಿ ರೊಟ್ಟಿಗೆ ಸೋಡಾ ಬೇಡವೇ ಬೇಡ. 500 ಗ್ರಾಂ ಗೋಧಿ ಹಿಟ್ಟಿಗೆ 8 ಗ್ರಾಂ ಉಪ್ಪು, 310ರಿಂದ 330 ಮಿಲಿಲೀಟರ್ ನೀರು. ನುಣ್ಣಗೆ ಬೀಸಿದ, ತೌಡು ಹೆಚ್ಚಿರುವ ಹಿಟ್ಟು ಇನ್ನೂ 10–20 ಮಿಲಿಲೀಟರ್ ಕುಡಿಯುತ್ತದೆ. ಇದರಿಂದ 75 ಗ್ರಾಂನ ಹನ್ನೊಂದು ಉಂಡೆ ಬರುತ್ತವೆ. ಎಲ್ಲ ನೀರನ್ನೂ ಒಟ್ಟಿಗೆ ಹಾಕಿ, ಹಿಟ್ಟು ಒದ್ದೆಯಾಗುವಷ್ಟು ಮಾತ್ರ ಕಲಸಿ, 20 ನಿಮಿಷ ಮುಚ್ಚಿಡಿ. ತೌಡು ನಿಧಾನವಾಗಿ ನೀರು ಕುಡಿಯುತ್ತದೆ, ಅದಕ್ಕೆ ಈ ಬಿಡುವು. ನಂತರ ಐದಾರು ನಿಮಿಷ ನಾದಿ, ಉಂಡೆ ಕಟ್ಟಿ, ಒದ್ದೆ ಬಟ್ಟೆ ಮುಚ್ಚಿ ಇನ್ನೂ ಅರ್ಧ ಗಂಟೆ ಇಡಿ. ಲಟ್ಟಿಸಿದ ರೊಟ್ಟಿ ಮತ್ತೆ ಮತ್ತೆ ಕುಗ್ಗುತ್ತಿದ್ದರೆ ಉಂಡೆಗೆ ವಿಶ್ರಾಂತಿ ಸಾಲದು ಎಂದರ್ಥ. ಆಗ ಬಲವಂತವಾಗಿ ಲಟ್ಟಿಸದೆ ಹತ್ತು ನಿಮಿಷ ಬಿಟ್ಟು ಮತ್ತೆ ಕೈ ಹಾಕಿ.

ಆದರೆ ನಿಮ್ಮ ರೊಟ್ಟಿ ಚರ್ಮವಾಗಲು ಅಳತೆಗಿಂತ ದೊಡ್ಡ ಕಾರಣ ಇನ್ನೊಂದಿದೆ. ಅದು ಒಲೆಯಲ್ಲಿ ಬಹಳ ಹೊತ್ತು ಇರುತ್ತಿದೆ. 60–90 ಸೆಕೆಂಡಿನಲ್ಲಿ ಬೆಂದ ರೊಟ್ಟಿಯ ಒಳಗೆ ತೇವ ಉಳಿಯುತ್ತದೆ. ಗೋಡೆ ತಣ್ಣಗಿದ್ದು ಮೂರು ನಿಮಿಷ ಬೆಂದರೆ, ಮೇಲೆ ಬಣ್ಣ ಬರುವಷ್ಟರಲ್ಲಿ ಒಳಗಿನ ನೀರೆಲ್ಲ ಆರಿರುತ್ತದೆ. ಅಂಥ ರೊಟ್ಟಿಗೆ ಎಷ್ಟು ಬೆಣ್ಣೆ ಸವರಿದರೂ ಮೆತ್ತಗಾಗುವುದಿಲ್ಲ. ಒಲೆಯಿಂದ ತೆಗೆದ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿದರೆ ಆವಿ ನೀರಾಗಿ ರೊಟ್ಟಿ ನೆನೆಯುತ್ತದೆ.

ಪ್ರಶ್ನೆ: ನಾನ್ ಹೊರಗೆ ಕಪ್ಪು, ಒಳಗೆ ಹಸಿ. ಯೀಸ್ಟ್ ಒಳ್ಳೆಯದೋ, ಸೋಡಾ ಒಳ್ಳೆಯದೋ?

ಉತ್ತರ: ಕಪ್ಪು ಮತ್ತು ಹಸಿ ಒಟ್ಟಿಗೆ ಕಾಣಿಸಿದರೆ ಮೊದಲು ದಪ್ಪ ನೋಡಿ. ನಡುವೆ ಐದಾರು ಮಿಲಿಮೀಟರ್ ಮೀರಬಾರದು. ಆಮೇಲೆ ಸಕ್ಕರೆ ನೋಡಿ. ಮೊಸರಲ್ಲೂ ಹಾಲಲ್ಲೂ ಇರುವ ಸಕ್ಕರೆಯೇ ಬಣ್ಣಕ್ಕೆ ಸಾಕಾಗುತ್ತದೆ. ಮೇಲೆ ಎರಡು ಮೂರು ದೊಡ್ಡ ಚಮಚ ಸಕ್ಕರೆ ಸುರಿದರೆ ಒಳಗೆ ಬೇಯುವ ಮೊದಲೇ ಹೊರಗೆ ಸೀಯುತ್ತದೆ. ಕೊನೆಗೆ ಗೋಡೆಯ ಕಾವು.

ನಾವು ಯೀಸ್ಟ್ ಪರ. 500 ಗ್ರಾಂ ಮೈದಾ, 100 ಗ್ರಾಂ ಮೊಸರು, 100 ಮಿಲಿಲೀಟರ್ ಉಗುರುಬೆಚ್ಚಗಿನ ಹಾಲು, ಸುಮಾರು 110 ಮಿಲಿಲೀಟರ್ ನೀರು, 20 ಗ್ರಾಂ ಎಣ್ಣೆ, 10 ಗ್ರಾಂ ಸಕ್ಕರೆ, 9 ಗ್ರಾಂ ಉಪ್ಪು, 3–4 ಗ್ರಾಂ ಒಣ ಯೀಸ್ಟ್. ಎಂಟು ನಾನ್ ಆಗುತ್ತವೆ. ಎಂಟು ಹತ್ತು ನಿಮಿಷ ನಾದಿ, ಹಿಟ್ಟು ಎರಡರಷ್ಟಾಗುವವರೆಗೆ ಇಡಿ. 28–30 ಡಿಗ್ರಿ ಸೆಖೆಯಲ್ಲಿ ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ, ಚಳಿಯಲ್ಲಿ ಎರಡೂವರೆ ಗಂಟೆಯಾದರೂ ಆಶ್ಚರ್ಯವಿಲ್ಲ. ಉಂಡೆ ಕಟ್ಟಿದ ಮೇಲೆ ಇನ್ನೂ 20–30 ನಿಮಿಷ. ಹೆಚ್ಚು ಹುಳಿದ ಹಿಟ್ಟು ಗೋಡೆಯ ಮೇಲೆ ತನ್ನ ಭಾರಕ್ಕೆ ತಾನೇ ಜೋತು ಉದ್ದವಾಗುತ್ತದೆ, ಅಂಚು ಹರಿಯುತ್ತದೆ. ಕೈಯಿಂದ ಎಳೆದು ಚಾಚಿದಾಗ ನಡುವೆ ತೂತು ಬಿದ್ದರೂ ಕಾರಣ ಬಹುತೇಕ ಇದೇ.

ಸಮಯವಿಲ್ಲದಾಗ ಸೋಡಾ ಬಳಸುವುದಾದರೆ, 100 ಗ್ರಾಂ ಹುಳಿ ಮೊಸರು ಇರುವ ಈ ಅಳತೆಗೆ ಕಾಲು ಟೀ ಚಮಚ ಮೀರಬಾರದು. ಮೊಸರಿನ ಹುಳಿ ಅದಕ್ಕಿಂತ ಹೆಚ್ಚಿನ ಸೋಡಾವನ್ನು ತಟಸ್ಥಗೊಳಿಸಲಾರದು. ಉಳಿದ ಸೋಡಾ ನಾಲಿಗೆಗೆ ಸಾಬೂನಿನ ರುಚಿ ಕೊಡುತ್ತದೆ, ಹಳದಿ ಕಲೆ ಬಿಡುತ್ತದೆ, ಬೇಗ ಕಪ್ಪಾಗಿಸುತ್ತದೆ. ನಿಮ್ಮ ನಾನ್‌ಗೆ ಹೀಗಾಗಿರುವ ಸಾಧ್ಯತೆಯೂ ಇದೆ.

ಪ್ರಶ್ನೆ: ಒಳಗೆ ಕೈ ಹಾಕಲು ಭಯ. ಗದ್ದಿ ಇಲ್ಲದೆ ಬರಿಗೈಯಲ್ಲಿ ಹಾಕುವವರನ್ನು ನೋಡಿದ್ದೇವೆ. ನಾವು ಹೇಗೆ ಕಲಿಯಬೇಕು?

ಉತ್ತರ: ಬರಿಗೈ ಬೇಡ, ಗದ್ದಿಯಲ್ಲೇ ಕಲಿಯಿರಿ. 20–25 ಸೆಂಟಿಮೀಟರ್ ಅಗಲದ, ನಡುವೆ ಸ್ವಲ್ಪ ಉಬ್ಬಿದ ಗಟ್ಟಿ ದಿಂಬು ಅದು. ಒಣಹುಲ್ಲು ಅಥವಾ ಹತ್ತಿಯನ್ನು ಬಿಗಿಯಾಗಿ ತುಂಬಿ, ಹತ್ತಿ ಬಟ್ಟೆ ಹೊದಿಸಿ, ಹಿಂಬದಿಗೆ ಕೈ ತೂರಿಸುವ ಪಟ್ಟಿ ಹೊಲಿದಿರಬೇಕು. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ, ಹಾಗಾಗಿ ಗದ್ದಿಗೂ ಬೇಡ, ಅಂಗಿಯ ತೋಳಿಗೂ ಬೇಡ. ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. ಮೊಣಕೈವರೆಗೆ ದಪ್ಪ ಹತ್ತಿ ತೋಳು ಹಾಕಿಕೊಳ್ಳಿ, ಅದು ಒಣಗಿರಲಿ. ಒದ್ದೆ ಬಟ್ಟೆ ಕ್ಷಣದಲ್ಲಿ ಬಿಸಿಯಾಗಿ ಆವಿಯಿಂದಲೇ ಸುಡುತ್ತದೆ.

ಮುಚ್ಚಳ ತೆಗೆದೊಡನೆ ಬಗ್ಗಬೇಡಿ. ಹೊಸ ಗಾಳಿ ಸಿಕ್ಕ ಕೆಂಡ ಒಮ್ಮೆ ಭಗ್ ಎನ್ನುತ್ತದೆ. ನಾಲ್ಕೈದು ಸೆಕೆಂಡು ಬಿಟ್ಟು, ಮುಖವನ್ನು ಬಾಯಿಯ ನೇರ ಮೇಲೆ ತರದೆ ಪಕ್ಕಕ್ಕೆ ನಿಂತು ಕೈ ಇಳಿಸಿ. ಎದುರಿನ ಗೋಡೆಗೆ ಒತ್ತುವುದು ಸುಲಭ, ನಿಮ್ಮ ಕಡೆಯ ಗೋಡೆಗೆ ಕೈ ತಿರುಗಿಸಿ ಒತ್ತುವುದು ಕಷ್ಟ. ಆದ್ದರಿಂದ ಮೊದಲು ಎದುರಿನದರಲ್ಲೇ ಕೈ ಪಳಗಲಿ. ಬೆಂಕಿ ಹಾಕದ ತಣ್ಣನೆಯ ಒಲೆಯಲ್ಲಿ ಒದ್ದೆ ಬಟ್ಟೆಯ ತುಂಡನ್ನು ಗದ್ದಿಯ ಮೇಲಿಟ್ಟು ಅಂಟಿಸಿ ಅಂಟಿಸಿ ಅಭ್ಯಾಸ ಮಾಡಿ. ಕೈ ಒಳಹೋಗಿ ಹೊರಬರಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯದಂತಾದ ಮೇಲೆ ಕೆಂಡದ ಮುಂದೆ ನಿಲ್ಲಿ.

ತೆಗೆಯಲು ಎರಡು ಸರಳು ಬೇಕು. ಒಂದರ ತುದಿ ಕೊಕ್ಕೆ, ಇನ್ನೊಂದರ ತುದಿ ಚಪ್ಪಟೆ. ಮೊದಲು ಕೊಕ್ಕೆಯನ್ನು ಮೇಲಂಚಿನ ಹತ್ತಿರ ಚುಚ್ಚಿ ಹಿಡಿದುಕೊಂಡು, ನಂತರ ಚಪ್ಪಟೆ ತುದಿಯನ್ನು ಬೆನ್ನಿನ ಕೆಳಗೆ ಜಾರಿಸಿ. ಮೊದಲೇ ಕೆರೆದರೆ ಹಿಡಿಯಲು ಏನೂ ಇಲ್ಲದೆ ರೊಟ್ಟಿ ಬೀಳುತ್ತದೆ.

ಪ್ರಶ್ನೆ: ಇದ್ದಿಲೋ, ಸೌದೆಯೋ? ಅಡುಗೆಮನೆಯಲ್ಲಿ ಕಿಟಕಿ ತೆರೆದು ಉರಿಸಬಹುದೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು: ಬೇಡ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಹೊಗೆ ಕಾಣದಿದ್ದಾಗಲೂ ಅದು ಇರುತ್ತದೆ. ಗಾಳಿಕಿಂಡಿ ಅರ್ಧ ಮುಚ್ಚಿ ನಿಧಾನವಾಗಿ ಉರಿಸುವಾಗ ಇನ್ನೂ ಹೆಚ್ಚು ಬರುತ್ತದೆ. ತೆರೆದ ಕಿಟಕಿಯೊಂದನ್ನು ನಂಬಿ ಪ್ರಾಣ ಪಣಕ್ಕಿಡಬಾರದು. ತಂದೂರ್ ಇರಬೇಕಾದ್ದು ಬಯಲಿನಲ್ಲಿ, ಅಥವಾ ದೊಡ್ಡ ಹೊಗೆಗೂಡು ಇರುವ ಕಡೆ.

ಸೌದೆ ಗೋಡೆಯನ್ನು ಬೇಗ ಕಾಯಿಸುತ್ತದೆ, ಇದ್ದಿಲು ಕಾವನ್ನು ಒಂದೇ ಸಮನೆ ಹಿಡಿಯುತ್ತದೆ. ಒಣಗಿದ ಗಟ್ಟಿ ಸೌದೆಯಿಂದ ಹೊತ್ತಿಸಿ, ಅದು ಕೆಂಡವಾದ ಮೇಲೆ ಇದ್ದಿಲು ಸೇರಿಸುವುದು ನಮ್ಮ ಸಲಹೆ. ಮನೆಯ ಸಣ್ಣ ಒಲೆಗೆ ಎರಡು ಮೂರು ಕಿಲೋ ಇದ್ದಿಲು ಸಾಕು. ಬಣ್ಣ ಬಳಿದ ಮರ, ಪ್ಲೈವುಡ್, ಹಳೆಯ ಪೀಠೋಪಕರಣದ ತುಂಡುಗಳನ್ನು ಹಾಕಬೇಡಿ. ಅವುಗಳ ಬಣ್ಣ, ಅಂಟು, ಔಷಧ ಎಲ್ಲ ಹೊಗೆಯಾಗಿ ರೊಟ್ಟಿಯ ಮುಖಕ್ಕೇ ಕೂರುತ್ತವೆ. ರೊಟ್ಟಿ ಹಾಕುವ ಹೊತ್ತಿಗೆ ಹೊಸ ಇದ್ದಿಲು ಸೇರಿಸಿದರೂ ಮಸಿ ಏಳುತ್ತದೆ. ಬೇಕಾದರೆ ಹೊರಗೆ ಕೆಂಡ ಮಾಡಿ ತಂದು ಹಾಕಿ.

ಪ್ರಶ್ನೆ: ಒಳಗೋಡೆಯಲ್ಲಿ ಬಿರುಕು ಬಿಟ್ಟಿದೆ. ಸಿಮೆಂಟ್ ಹಾಕಿ ಮುಚ್ಚಬಹುದೇ?

ಉತ್ತರ: ಸಿಮೆಂಟ್ ಹಾಕಬೇಡಿ. 300 ಡಿಗ್ರಿ ದಾಟಿದ ಮೇಲೆ ಅದು ಬಲ ಕಳೆದುಕೊಳ್ಳುತ್ತಾ ಹೋಗುತ್ತದೆ. ಇನ್ನೂ ಹೆಚ್ಚು ಕಾದರೆ ಅದರೊಳಗಿನ ಸುಣ್ಣದ ಅಂಶ ನೀರು ಬಿಟ್ಟು, ತಣ್ಣಗಾದ ಮೇಲೆ ಗಾಳಿಯ ತೇವ ಹೀರಿ ಹಿಗ್ಗಿ ಪುಡಿಯಾಗುತ್ತದೆ. ಪಕ್ಕದ ಮಣ್ಣನ್ನೂ ಸೀಳುತ್ತದೆ.

ಕೂದಲೆಳೆಯ ಬಿರುಕು ಎಲ್ಲ ತಂದೂರ್‌ನಲ್ಲೂ ಇರುತ್ತದೆ. ಕಾದಾಗ ಕೂಡಿಕೊಳ್ಳುತ್ತದೆ, ಆರಿದಾಗ ಕಾಣುತ್ತದೆ, ಅದನ್ನು ಮುಟ್ಟುವುದೇ ಬೇಡ. ಎರಡು ಮೂರು ಮಿಲಿಮೀಟರ್ ದಾಟಿದರೆ ಜೇಡಿಮಣ್ಣಿಗೆ ಅದರ ಎರಡರಷ್ಟು ಸಣ್ಣ ಮರಳು, ಕತ್ತರಿಸಿದ ಒಣಹುಲ್ಲು ಬೆರೆಸಿ ಗಟ್ಟಿಯಾಗಿ ಕಲಸಿ. ಬರಿಯ ಜೇಡಿಮಣ್ಣು ಒಣಗುವಾಗ ಕುಗ್ಗಿ ಮತ್ತೆ ಬಿಟ್ಟುಕೊಳ್ಳುತ್ತದೆ, ಮರಳು ಆ ಕುಗ್ಗುವಿಕೆಯನ್ನು ತಡೆಯುತ್ತದೆ. ಬಿರುಕನ್ನು ಮೊಳೆಯಿಂದ ಕೆರೆದು ಸ್ವಲ್ಪ ಅಗಲ ಮಾಡಿ, ಪುಡಿ ಊದಿ ತೆಗೆದು, ಚೆನ್ನಾಗಿ ಒದ್ದೆ ಮಾಡಿ, ಮಣ್ಣನ್ನು ಒಳಕ್ಕೆ ಒತ್ತಿ ತುಂಬಿ. ಒದ್ದೆ ಮಾಡುವುದನ್ನು ಮರೆತರೆ ಹಳೆಯ ಒಣಮಣ್ಣು ಹೊಸದರ ನೀರನ್ನು ಹೀರಿ ಎರಡೂ ಬೇರೆಯಾಗುತ್ತವೆ. ಎರಡು ದಿನ ಒಣಗಿಸಿ, ಮತ್ತೆ ಸಣ್ಣ ಬೆಂಕಿಯಿಂದ ಶುರು ಮಾಡಿ. ಬಿರುಕಿನ ಎರಡು ಬದಿಯೂ ಬೆರಳಿಗೆ ಅಲ್ಲಾಡಿದರೆ ರಿಪೇರಿ ನಿಲ್ಲುವುದಿಲ್ಲ, ಒಳಗಿನ ಮಣ್ಣಿನ ಹಂಡೆಯನ್ನೇ ಬದಲಿಸಬೇಕು.

ಮಳೆಗಾಲದಲ್ಲಿ ನೀರು ತಾಗದಂತೆ ಮುಚ್ಚಿಡಿ. ತಿಂಗಳುಗಟ್ಟಲೆ ಉರಿಸದೆ ಬಿಟ್ಟ ಒಲೆಯನ್ನು ಹೊಸ ಒಲೆಯಂತೆಯೇ ನಿಧಾನವಾಗಿ ಕಾಯಿಸಿ.

ಪ್ರಶ್ನೆ: ದೊಡ್ಡ ಮಣ್ಣಿನ ಹೂಕುಂಡದಿಂದ ತಂದೂರ್ ಮಾಡಿಕೊಳ್ಳಬಹುದು ಎನ್ನುತ್ತಾರೆ. ನಿಜವೇ?

ಉತ್ತರ: ಮಾಡಬಹುದು, ಆದರೆ ಅದರ ಮಿತಿ ತಿಳಿದಿರಲಿ. ಹೊಳಪಿನ ಲೇಪವೂ ಬಣ್ಣವೂ ಇಲ್ಲದ, ಬಾಯಿ 40–45 ಸೆಂಟಿಮೀಟರ್ ಇರುವ ಕುಂಡ ಆರಿಸಿ. ಕೆಲವು ಹೊಳಪಿನ ಲೇಪಗಳಲ್ಲಿ ಸೀಸ ಇರುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದಾಗ ಠಣ್ ಎನ್ನಬೇಕು, ಬೊದ್ದು ಸದ್ದು ಬಂದರೆ ಒಳಗೆ ಬಿರುಕಿದೆ. ತಳವನ್ನು ಕಲ್ಲು ಕತ್ತರಿಸುವ ಬ್ಲೇಡಿನಿಂದ ಕೊಯ್ದು ತೆಗೆದು ಕುಂಡವನ್ನು ಬೋರಲು ಇಟ್ಟರೆ, ಮೇಲೆ ಕಿರಿದಾದ ಬಾಯಿ, ಕೆಳಗೆ ಅಗಲವಾದ ಹೊಟ್ಟೆ ಸಿಗುತ್ತದೆ. ಕೆಳಗೆ ಬೆಂಕಿ ತಾಳುವ ಇಟ್ಟಿಗೆ ಹಾಸಿ, ಐದಾರು ಸೆಂಟಿಮೀಟರ್ ಅಗಲದ ಗಾಳಿಕಿಂಡಿ ಬಿಡಿ. ಹೊರಗೆ ಒಂದು ಲೋಹದ ಡ್ರಮ್ ಬೇಕು. ಸತುವಿನ ಲೇಪವಿರುವ ತಗಡನ್ನು ಬೆಂಕಿಗೆ ತಾಗುವ ಕಡೆ ಎಲ್ಲೂ ಬಳಸಬೇಡಿ. ಸತು ಸುಮಾರು 420 ಡಿಗ್ರಿಗೆ ಕರಗುತ್ತದೆ, ಅತಿಯಾಗಿ ಕಾದರೆ ಅದರ ಹೊಗೆ ವಿಷ.

ಕುಂಡದ ಗೋಡೆ ಒಂದು ಒಂದೂವರೆ ಸೆಂಟಿಮೀಟರ್ ಮಾತ್ರ ಇರುವುದರಿಂದ ಶಾಖ ಹಿಡಿದಿಟ್ಟುಕೊಳ್ಳುವುದಿಲ್ಲ. ಹೆಚ್ಚಿನವರು ಕುಂಡಕ್ಕೂ ಡ್ರಮ್ಮಿಗೂ ನಡುವೆ ಮರಳು ತುಂಬಿ ಮುಗಿಸುತ್ತಾರೆ. ಮರಳು ಶಾಖವನ್ನು ಕುಡಿಯುತ್ತದೆ, ಆದರೆ ಹೊರಕ್ಕೆ ಹೋಗುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಕುಂಡದ ಹೊರಮೈಗೆ ಎರಡು ಮೂರು ಸೆಂಟಿಮೀಟರ್ ದಪ್ಪಕ್ಕೆ ಮಣ್ಣು–ಮರಳಿನ ಮಿಶ್ರಣ ಮೆತ್ತಿ, ಅದು ಒಣಗಿದ ಮೇಲೆ ಉಳಿದ ಜಾಗಕ್ಕೆ ಶಾಖ ತಡೆಯುವ ಹಗುರ ಖನಿಜದ ಹರಳುಗಳಾದ ವರ್ಮಿಕ್ಯುಲೈಟ್ ಅಥವಾ ಪರ್ಲೈಟ್ ತುಂಬಿ. ಒಳಗಿನ ಮಣ್ಣು ಶಾಖ ಹಿಡಿಯುತ್ತದೆ, ಹೊರಗಿನ ಪದರ ಅದನ್ನು ಕಾಯುತ್ತದೆ. ಇಷ್ಟಾದರೂ ನಾಲ್ಕು ರೊಟ್ಟಿ ಹಾಕಿದ ಮೇಲೆ ಐದು ನಿಮಿಷ ಬಿಡುವು ಕೊಡಬೇಕಾಗುತ್ತದೆ.

ಪ್ರಶ್ನೆ: ಜೋಳ, ರಾಗಿ, ಸಜ್ಜೆ ಹಿಟ್ಟನ್ನು ತಂದೂರ್‌ನಲ್ಲಿ ಸುಡಬಹುದೇ?

ಉತ್ತರ: ಅವುಗಳಲ್ಲಿ ಗೋಧಿಯ ಜಿಗುಟು, ಅಂದರೆ ಗ್ಲುಟೆನ್ ಇಲ್ಲ. ಗೋಡೆಗೆ ಅಂಟಿದರೂ ನೇತಾಡುವಾಗ ನಡುವೆ ಹರಿದು ಬೀಳುತ್ತವೆ. ಗೋಧಿ ಹಿಟ್ಟಿನಲ್ಲಿ ಕಾಲು ಭಾಗದವರೆಗೆ ಬೆರೆಸಿದರೆ ನಿಲ್ಲುತ್ತದೆ. ಗೋಧಿ ಸೇರಿಸಲೇಬಾರದು ಎನ್ನುವವರಿಗೆ ಹಂಚೇ ಸರಿ.

ಪ್ರಶ್ನೆ: ಅರ್ಮೇನಿಯಾದ ಲವಾಶ್ ಎಂಬ ಕಾಗದದಷ್ಟು ತೆಳು ರೊಟ್ಟಿಯೂ ಮಣ್ಣಿನ ಒಲೆಯದೇ ಅಲ್ಲವೇ? ಅದು ನಮ್ಮ ನಾನ್‌ನಂತೆ ಉಬ್ಬುವುದಿಲ್ಲವೇಕೆ?

ಉತ್ತರ: ಹೌದು. ಅಲ್ಲಿ ಒಲೆಗೆ ತೊನಿರ್ ಎನ್ನುತ್ತಾರೆ, ಅದನ್ನು ಸಾಮಾನ್ಯವಾಗಿ ನೆಲದಲ್ಲಿ ಹೂತಿರುತ್ತಾರೆ. ಸುತ್ತಲಿನ ನೆಲವೇ ಶಾಖ ಕಾಯುತ್ತದೆ. ಲಟ್ಟಿಸಿದ ಹಾಳೆಯನ್ನು ಉದ್ದನೆಯ ದಿಂಬಿನ ಮೇಲೆ ಎಳೆದು ಹರಡಿ ಗೋಡೆಗೆ ಬಡಿಯುತ್ತಾರೆ. ಅರ್ಧದಿಂದ ಒಂದು ನಿಮಿಷದಲ್ಲಿ ಬೆಂದುಬಿಡುತ್ತದೆ. ರೊಟ್ಟಿ ಉಬ್ಬಬೇಕಾದರೆ ಎರಡೂ ಮುಖಗಳಲ್ಲಿ ಪದರ ಕಟ್ಟಿ, ನಡುವೆ ಆವಿ ಸಿಕ್ಕಿಕೊಳ್ಳಬೇಕು. ಅಷ್ಟು ತೆಳು ಹಾಳೆಯಲ್ಲಿ ಆವಿ ಒಂದೆಡೆ ಕೂಡಿಕೊಳ್ಳುವಷ್ಟು ದಪ್ಪವೇ ಇಲ್ಲ. ಅಲ್ಲಲ್ಲಿ ಸಣ್ಣ ಗುಳ್ಳೆ ಎದ್ದು ಸುಡುತ್ತದೆ, ಅಷ್ಟೇ. ಒಣಗಿಸಿದ ಲವಾಶ್ ತಿಂಗಳುಗಟ್ಟಲೆ ಇರುತ್ತದೆ. ತಿನ್ನುವ ಮೊದಲು ನೀರು ಚಿಮುಕಿಸಿ ಬಟ್ಟೆಯಲ್ಲಿ ಸುತ್ತಿದರೆ ಮತ್ತೆ ಮೆತ್ತಗಾಗುತ್ತದೆ. ಅರ್ಮೇನಿಯಾದ ಈ ಕಲೆಯನ್ನು ಯುನೆಸ್ಕೊ 2014ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ದಪ್ಪ ರೊಟ್ಟಿ ಉಬ್ಬಬಾರದು ಎಂದಿದ್ದರೆ ಉಜ್ಬೆಕಿಸ್ತಾನದವರ ಉಪಾಯ ನೋಡಿ. ಚೆಕಿಚ್ ಎಂಬ ಮುಳ್ಳಿನ ಅಚ್ಚನ್ನು ರೊಟ್ಟಿಯ ನಡುವೆ ಒತ್ತುತ್ತಾರೆ. ಆ ತೂತುಗಳಿಂದ ಆವಿ ಹೊರಹೋಗಿ ನಡುಭಾಗ ಚಪ್ಪಟೆಯಾಗಿ ಉಳಿಯುತ್ತದೆ, ಅಂಚು ಮಾತ್ರ ಏಳುತ್ತದೆ. ನಿಮ್ಮ ನಾನ್ ಒಂದೇ ದೊಡ್ಡ ಗುಳ್ಳೆಯಾಗಿ ಎದ್ದು, ಗೋಡೆಯಿಂದ ದೂರ ಸರಿದು ಬೀಳುತ್ತಿದ್ದರೆ, ಒತ್ತುವ ಮೊದಲು ಬೆರಳ ತುದಿಗಳಿಂದ ಏಳೆಂಟು ಕಡೆ ಗುಳಿ ಹಾಕಿ. ಅದೇ ಕೆಲಸ ಆಗುತ್ತದೆ.

ಪ್ರಶ್ನೆ: ರೊಟ್ಟಿ ಮುಗಿದ ಮೇಲೂ ಒಲೆ ಗಂಟೆಗಟ್ಟಲೆ ಬಿಸಿ ಇರುತ್ತದೆ. ಆ ಕಾವನ್ನು ಬಳಸಿಕೊಳ್ಳುವುದು ಹೇಗೆ? ಕೆಂಡ ಆರಿಸಲು ನೀರು ಹಾಕಬಹುದೇ?

ಉತ್ತರ: ನೀರು ಹಾಕಬೇಡಿ. ಕಾದ ಗೋಡೆ ಬಿರಿಯುತ್ತದೆ, ಏಳುವ ಆವಿ ಮುಖವನ್ನು ಸುಡುತ್ತದೆ. ಗಾಳಿಕಿಂಡಿ ಪೂರ್ತಿ ಮುಚ್ಚಿ, ಮೇಲೆ ಮುಚ್ಚಳ ಬಿಗಿ ಮಾಡಿ. ಗಾಳಿ ಸಿಗದ ಕೆಂಡ ತಾನಾಗಿ ಆರುತ್ತದೆ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಬರುತ್ತದೆ.

ಮುಚ್ಚುವ ಮೊದಲು ಗೆಣಸು, ಆಲೂಗಡ್ಡೆಯನ್ನು ಬೂದಿಯಲ್ಲಿ ಹುದುಗಿಸಬಹುದು. ನೆನೆಸಿದ ಕಾಳನ್ನು ಅದರ ನಾಲ್ಕರಷ್ಟು ನೀರಿನೊಂದಿಗೆ ಕುದಿಸಿ, ದಪ್ಪ ತಳದ ಪಾತ್ರೆಯಲ್ಲಿ ಮುಚ್ಚಿ ಒಳಗಿಳಿಸಿಟ್ಟರೆ ಬೆಳಗಾಗುವಷ್ಟರಲ್ಲಿ ಮೆತ್ತಗೆ ಬೆಂದಿರುತ್ತದೆ. ರಾಜ್ಮಾ ಆದರೆ ಒಳಗಿಡುವ ಮೊದಲು ಹತ್ತು ನಿಮಿಷವಾದರೂ ಚೆನ್ನಾಗಿ ಕುದಿಸಲೇಬೇಕು. ಅದರಲ್ಲಿರುವ ನಂಜಿನ ಅಂಶ ಮಂದ ಕಾವಿಗೆ ಹೋಗುವುದಿಲ್ಲ. ಬೆಳಗ್ಗೆ ತೆಗೆದಾಗ ಪಾತ್ರೆ ಮುಟ್ಟಲಾಗದಷ್ಟು ಬಿಸಿಯಿಲ್ಲದಿದ್ದರೆ ಒಲೆ ಬೇಗ ಆರಿಹೋಗಿದೆ ಎಂದರ್ಥ. ಅಂಥ ಕಾಳನ್ನು ತಿನ್ನಬೇಡಿ.

ಬೂದಿಯನ್ನು ಮರುದಿನದವರೆಗೂ ಮುಟ್ಟಬೇಡಿ. ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ಜೀವಂತವಾಗಿರುತ್ತದೆ. ತೆಗೆದದ್ದನ್ನು ಮುಚ್ಚಳವಿರುವ ಲೋಹದ ಡಬ್ಬಿಗೆ ಹಾಕಿ, ಪ್ಲಾಸ್ಟಿಕ್ ಬಕೆಟ್ಟಿಗಾಗಲಿ ಕಸದ ಚೀಲಕ್ಕಾಗಲಿ ಹಾಕಬೇಡಿ. ತಳದಲ್ಲಿ ಎರಡು ಬೆರಳು ದಪ್ಪ ಬೂದಿ ಉಳಿಸಿದರೆ ಮುಂದಿನ ಬೆಂಕಿಯ ಕಾವು ತಳದ ಇಟ್ಟಿಗೆಗೆ ನೇರವಾಗಿ ತಾಗುವುದಿಲ್ಲ. ಅದಕ್ಕಿಂತ ಹೆಚ್ಚು ಉಳಿದರೆ ಗಾಳಿಕಿಂಡಿ ಕಟ್ಟಿಕೊಂಡು ಇದ್ದಿಲು ಹೊತ್ತಿಕೊಳ್ಳುವುದೇ ಇಲ್ಲ.